ಕಂಪ್ಯೂಟರ್ ರೂಮಿನ ಮಡಿ

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಮುಟ್ಟಿನ ಮಡಿ ಇರಲಿಲ್ಲ. ಕಡರನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲರೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ಸೂತಕ-ಗೀತಕ ಎಂದು ಯಾರಾದರೂ ಶುರು ಮಾಡಿದರೆ ನಮ್ಮಜ್ಜಿ, "ಲಿಂಗ ಇರೋ ಮೈಯಾಗೆ ಎಂಥದ್ದೇ ಮೈಲಿಗೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವ್ವ ಆ ದಿನಗಳಲ್ಲೂ ಎಮ್ಮೆ ಕರೆಯುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಗದ್ದೆಗೆ ಬುತ್ತಿ ಹೊರುತ್ತಿದ್ದಳು. ಎಮ್ಮೆಯೂ ಒದೆಯಲಿಲ್ಲ, ಹಾಲೂ ಒಡೆಯಲಿಲ್ಲ. ಅಂಥ ಮನೆಯಿಂದ ಬಂದ ನನಗೆ ಆ ಮಡಿಯನ್ನು ಕಲಿಸಲು ಬಂದದ್ದು ಹರಿಹರದ ಒಂದು ಕಾರ್ಖಾನೆಯ ಕಂಪ್ಯೂಟರ್ ರೂಮು. ಈಗ ನೆನೆದರೆ ನಗು ಬರುತ್ತದೆ. ಆಗ ಮೈಯೆಲ್ಲ ಉರಿಯುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕಿ ಗಿರಣಿಗಳಿಗೆ ಬೇಕಾದ ಯಂತ್ರಗಳನ್ನು ತಯಾರಿಸುವ ಕಾರ್ಖಾನೆ ಅದು. ದಾವಣಗೆರೆಯಲ್ಲಿ ಡಿಪ್ಲೊಮಾ ಮುಗಿಸಿ ಅಲ್ಲಿಗೆ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ನಿಜಲಿಂಗಪ್ಪ ಬಡಾವಣೆಯಲ್ಲಿದ್ದ ಚಿಕ್ಕಮ್ಮನ ಮನೆಯಿಂದ ದಿನಾ ಬಸ್ಸಿನಲ್ಲಿ ಹರಿಹರಕ್ಕೆ ಹೋಗಿ ಬರುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಒಂದು ವರ್ಷ ನೋಡ್ತೀವಿ" ಎಂದಿದ್ದರು. ಊರಲ್ಲಿ ಅಪ್ಪನದೂ ಅದೇ ಮಾತು: ಕಾಯಂ ಆದರೆ ಸರಿ, ಇಲ್ಲದಿದ್ದರೆ ಬಂದು, ನೋಡಲು ಬರುವವರ ಮುಂದೆ ತಲೆ ಬಾಚಿಕೊಂಡು ಕೂರಬೇಕು. ಆ ಕುರ್ಚಿ ಉಳಿಸಿಕೊಳ್ಳುವುದು ಬಿಟ್ಟರೆ ಆ ವರ್ಷ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಈಗಿನವರು ಸರ್ವರ್ ಎನ್ನುತ್ತಾರಲ್ಲ, ಅದನ್ನು ನಾವು ದೊಡ್ಡ ಮಷೀನು ಎನ್ನುತ್ತಿದ್ದೆವು. ನನ್ನ ಸೊಂಟದೆತ್ತರದ ಕಬ್ಬಿಣದ ಪೆಟ್ಟಿಗೆ. ಅದರಿಂದ ಹೊರಟ ಕೇಬಲ್ಲುಗಳು ಸ್ಟೋರ್ಸಿಗೆ, ಪರ್ಚೇಸಿಗೆ, ಅಂಗಳದಾಚೆಯ ಡಿಸ್ಪ್ಯಾಚಿಗೆ ಹೋಗಿದ್ದವು. ಒಂದೊಂದು ಕಡೆಯೂ ಒಂದು ಪರದೆ, ಒಂದು ಕೀಬೋರ್ಡು. ಆ ಪರದೆಗಳಿಗೆ ಸ್ವಂತ ಬುದ್ಧಿ ಇರಲಿಲ್ಲ. ದೊಡ್ಡ ಮಷೀನು ಮಾತಾಡಿದರೆ ಅವೂ ಮಾತಾಡಬೇಕು, ಅದು ಬಾಯಿ ಮುಚ್ಚಿದರೆ ಎಲ್ಲವೂ ಮೂಕ. ಗೇಟಿನಿಂದ ಲಾರಿ ಹೊರಡಬೇಕಾದರೆ ಈ ಮಷೀನು ಗೇಟ್ ಪಾಸ್ ಛಾಪಿಸಿ ಕೊಡಬೇಕಿತ್ತು. ಹಾಗಾಗಿ ಮಷೀನು ನಿಂತರೆ ಲಾರಿಗಳೂ ನಿಲ್ಲುತ್ತಿದ್ದವು, ಲಾರಿ ಡ್ರೈವರುಗಳು ನನ್ನ ಕಿಟಕಿ ಕೆಳಗೆ ಬಂದು ಬೀಡಿ ಹಚ್ಚುತ್ತಿದ್ದರು.

ಆ ರೂಮಿನ ಮರ್ಯಾದೆಯೇ ಬೇರೆ. ಇಡೀ ಕಾರ್ಖಾನೆಯಲ್ಲಿ ಏಸಿ ಇದ್ದದ್ದು ಅಲ್ಲಿ ಮಾತ್ರ. ಮ್ಯಾನೇಜರ್ರ ತಲೆ ಮೇಲೂ ಗಡಗಡ ಅನ್ನುವ ಫ್ಯಾನೇ. ಧೂಳು ಬರಬಾರದು, ಚಪ್ಪಲಿ ಹೊರಗೆ ಬಿಡಿ ಎಂದು ಕಂಪ್ಯೂಟರ್ ಕಂಪನಿಯವರು ಹೇಳಿದ್ದೇ ತಡ, ನಮ್ಮವರು ಅದನ್ನು ಗುಡಿ ಮಾಡಿಬಿಟ್ಟರು. ಬಾಗಿಲಿಗೆ ತೋರಣ, ಒಳಗೆ ದೇವರ ಪಟ. ಮ್ಯಾನೇಜರ್ರು ಬೆಳಿಗ್ಗೆ ಬಂದವರೇ ಹೊಸ್ತಿಲ ಹೊರಗೆ ನಿಂತು ಊದುಬತ್ತಿ ಬೆಳಗಿ, ಹೊಗೆ ಒಳಗೆ ಹೋಗದ ಹಾಗೆ ಬಾಗಿಲು ಎಳೆದು, ಮುಚ್ಚಿದ ಬಾಗಿಲಿಗೇ ಕೈ ಮುಗಿದು ಹೋಗುತ್ತಿದ್ದರು. ಸ್ಟೋರ್ಸಿನವರು ಒಳಗೆ ಬಂದರೆ ಪಿಸುಗುಡುತ್ತಿದ್ದರು. ನಾನೊಮ್ಮೆ ಅಲ್ಲಿ ಕೂತು ಮಂಡಕ್ಕಿ ತಿಂದು ಬೈಸಿಕೊಂಡಿದ್ದೆ. ಕಾಳು ಮಷೀನಿಗೆ ಬೀಳುತ್ತದೆ ಎಂದು ಬೈದಿದ್ದರೆ ತಲೆ ತಗ್ಗಿಸುತ್ತಿದ್ದೆ, ಅವರು ಬೈದದ್ದು "ಎಂಜಲು" ಎಂದು.

ಮ್ಯಾನೇಜರ್ರು ಕೆಟ್ಟವರು ಅನ್ನಲಾರೆ. ಯಾರ ಮನೆಯಲ್ಲಿ ಕಾಯಿಲೆ ಎಂದರೂ ಜೀಪು ಕೊಟ್ಟು ಕಳಿಸುವ ಮನುಷ್ಯ. ಆದರೆ ಶುದ್ಧದ ಹುಚ್ಚು ವಿಪರೀತ. ಕಂಪ್ಯೂಟರ್ ರೂಮಿನ ಹಿಂದಿನ ಗೋಡೆಗೆ ಒಂದು ನಲ್ಲಿ ಇತ್ತು. ಊಟವಾದ ಮೇಲೆ ಕೆಲಸಗಾರರು ಅಲ್ಲೇ ಕೈ ತೊಳೆಯುತ್ತಿದ್ದರು, ಬುತ್ತಿ ಡಬ್ಬಿ ತೊಳೆಯುತ್ತಿದ್ದರು, ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದರು. ನಮಾಜಿಗೆ ಹೋಗುವವರು ಕೈಕಾಲು ಮುಖ ತೊಳೆದು ವಜೂ ಮಾಡುತ್ತಿದ್ದದ್ದೂ ಅಲ್ಲೇ. ಆ ನೆಲ ಯಾವತ್ತೂ ಒಣಗಿದ್ದೇ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮ್ಯಾನೇಜರ್ರು ಅದನ್ನು ನೋಡಿ, "ಛೇ ಛೇ, ಒಳಗೆ ದೇವರಿಟ್ಟು ಹೊರಗೆ ಎಂಜಲು ಹರಿಸೋದಾ?" ಎಂದು ನಲ್ಲಿ ಕೀಳಿಸಿ, ಪೈಪಿಗೆ ಬೆಣೆ ಹೊಡೆಸಿಬಿಟ್ಟರು. ಕೆಲಸಗಾರರು ಗೊಣಗಿಕೊಂಡು ದೂರದ ಶೆಡ್ಡಿನ ನಲ್ಲಿಗೆ ಹೋಗತೊಡಗಿದರು. ಅದಕ್ಕೂ ನನಗೂ ಏನು ಸಂಬಂಧ ಎಂದು ನಾನೂ ಸುಮ್ಮನಿದ್ದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ಮಷೀನಿನ ಕಾಟ ಶುರುವಾಯಿತು.

ಮೊದಲು ಡಿಸ್ಪ್ಯಾಚಿನ ಪರದೆಯಲ್ಲಿ ಅಕ್ಷರಗಳು ಕೆಟ್ಟವು. ಗಿರಾಕಿಯ ಹೆಸರಿದ್ದ ಕಡೆ ಚುಕ್ಕೆ, ಗೆರೆ, ಅಡ್ಡಾದಿಡ್ಡಿ ಗುರುತು. ಸ್ವಲ್ಪ ಹೊತ್ತಿಗೆ ಸ್ಟೋರ್ಸಿನದೂ ಹಾಗೇ ಆಯಿತು. ಆಮೇಲೆ ನನ್ನೆದುರಿನ ಪರದೆಯೇ ಕಲ್ಲಾಯಿತು. ಯಾವ ಕೀಲಿ ಒತ್ತಿದರೂ ಹೂಂ ಇಲ್ಲ ಉಹೂಂ ಇಲ್ಲ. ಆರಿಸಿ ಮತ್ತೆ ಹಚ್ಚಿದರೆ ಅದು ತನ್ನ ಹೊಟ್ಟೆಯಲ್ಲಿರುವುದನ್ನೆಲ್ಲ ಒಂದೊಂದಾಗಿ ತಡವಿ ನೋಡಿಕೊಂಡು ಮೇಲೇಳುವಷ್ಟರಲ್ಲಿ ಹೊರಗೆ ಲಾರಿ ಸಾಲು ಗೇಟು ಮುಟ್ಟಿರುತ್ತಿತ್ತು. ಅಷ್ಟು ಹೊತ್ತೂ ಮ್ಯಾನೇಜರ್ರು ನನ್ನ ಬೆನ್ನ ಹಿಂದೆ ನಿಂತಿರುತ್ತಿದ್ದರು. ಉಸಿರು ಮಾತ್ರ ನನ್ನ ಕಿವಿಗೆ ಕೇಳುತ್ತಿತ್ತು. ಬೈದರೆ ಉತ್ತರ ಕೊಡಬಹುದು, ಉಸಿರಿಗೆ ಏನು ಉತ್ತರ ಕೊಡುವುದು?

ಮರುದಿನ ಮತ್ತೆ ಅದೇ. ಬೆಳಿಗ್ಗೆ ಒಳ್ಳೆಯ ಮಗುವಿನ ಹಾಗೆ ಇದ್ದ ಮಷೀನು ಮಧ್ಯಾಹ್ನ ಊಟ ಮುಗಿದು ಶೆಡ್ಡಿನಲ್ಲಿ ವೆಲ್ಡಿಂಗ್ ಶುರುವಾಗುತ್ತಿದ್ದ ಹಾಗೆ ಕೂತುಬಿಡುತ್ತಿತ್ತು. ಮೊದಲಾದರೆ ಎಷ್ಟು ವೆಲ್ಡಿಂಗ್ ನಡೆದರೂ ಅದಕ್ಕೆ ಲೆಕ್ಕವೇ ಇರಲಿಲ್ಲ. ನಾನು ಕೇಬಲ್ ಬಿಚ್ಚಿದೆ, ಕಟ್ಟಿದೆ. ಒಂದು ದಿನ ಡಿಸ್ಪ್ಯಾಚಿನ ತಂತಿ ಕಳಚಿ ನೋಡಿದೆ, ಇನ್ನೊಂದು ದಿನ ಸ್ಟೋರ್ಸಿನದು. ಪ್ರೋಗ್ರಾಮುಗಳನ್ನೆಲ್ಲ ಮೊದಲಿಂದ ಕಡೆತನಕ ಓದಿದೆ. ರಾತ್ರಿ ಚಿಕ್ಕಮ್ಮ ಬಡಿಸಿದ ತಟ್ಟೆಯ ಪಕ್ಕ ಆ ಕಾಗದಗಳನ್ನೇ ಹರಡಿಕೊಂಡು ಕೂರುತ್ತಿದ್ದೆ.

ಬೆಂಗಳೂರಿನಿಂದ ಎಂಜಿನಿಯರ್ ಬಂದರು. ಪೆಟ್ಟಿಗೆ ಬಿಚ್ಚಿ ಧೂಳು ಊದಿ, ಒಂದು ಕಾರ್ಡು ಬದಲಿಸಿ, "ಅರ್ಥಿಂಗ್ ಸರಿ ಇದೆಯಾ?" ಎಂದು ಕೇಳಿದರು. ಉತ್ತರ ಕೊಟ್ಟವರು ನಮ್ಮ ವೈರ್‌ಮನ್. ದಾವಣಗೆರೆ ಹಳೇ ಪೇಟೆಯ ಸಾಹೇಬರು, ಅಪ್ಪ ತಾತ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮನೆತನ. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಸಿಟ್ಟು ಸದಾ ಮೂಗಿನ ತುದಿಯಲ್ಲಿ.

"ಅರೆ, ನಾನು ಕೈಯಾರೆ ಹಾಕಿದ ಅರ್ಥಿಂಗ್ ಐತ್ರಿ ಅದು," ಎಂದು ಚಾಚಾ ಎದೆ ತಟ್ಟಿದರು. "ಇದ್ದಿಲು ಉಪ್ಪು ನಾನೇ ನಿಂತು ತುಂಬ್ಸೀನಿ. ಅದರ ಸುದ್ದಿಗೆ ಬರಬ್ಯಾಡ್ರಿ."

ಎಂಜಿನಿಯರ್ ಸುದ್ದಿಗೆ ಹೋಗಲಿಲ್ಲ. ಸಂಜೆ ಬಸ್ಸು ಹತ್ತಿದರು. ಮರುದಿನ ಮಧ್ಯಾಹ್ನ ಮಷೀನು ಕೂತಿತು.

ಇಷ್ಟಾದ ಮೇಲೆ ಒಂದು ದಿನ ನಮ್ಮ ಟೈಪಿಸ್ಟ್ ಅಕ್ಕ ನನ್ನನ್ನು ವರಾಂಡದ ಮೂಲೆಗೆ ಕರೆದರು. ಆ ಆಫೀಸಿನಲ್ಲಿ ಇದ್ದದ್ದು ನಾವಿಬ್ಬರೇ ಹೆಂಗಸರು. ನನ್ನ ಅವ್ವನಿಗಿಂತ ಸ್ವಲ್ಪ ಚಿಕ್ಕವರು, ನನಗೆ ಉಪ್ಪಿನಕಾಯಿ ತಂದುಕೊಡುತ್ತಿದ್ದವರು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತರು.

"ಮ್ಯಾನೇಜರ್ ಸಾಹೇಬ್ರು ಕೇಳು ಅಂದ್ರು. ಬ್ಯಾಸರ ಮಾಡ್ಕಾಬ್ಯಾಡ. ಆ ನಾಕು ದಿನ ನೀನು ಒಳಗೆ ಹೋಗ್ತೀಯೇನು?"

"ಯಾವ ನಾಕು ದಿನ?"

"ಅದೇ... ಹೊರಗಾದಾಗ."

ನನಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ತಿಳಿದ ಮೇಲೆ ಕಿವಿ ಕಾದವು. "ಅಕ್ಕಾ, ಅದು ಕಬ್ಬಿಣದ ಮಷೀನು. ನಾನು ಹೊರಗಾಗೀನೋ ಒಳಗದೀನೋ ಅದಕ್ಕೆ ಹೆಂಗೆ ಗೊತ್ತಾಗ್ತೈತೆ?"

"ಮಷೀನಿಗಲ್ಲ ತಾಯಿ. ಒಳಗೆ ಪಟ ಐತಲ್ಲ."

"ಹಂಗಾರೆ ಪಟ ತಗದು ಅವರ ರೂಮಿನಾಗೆ ಇಟ್ಕೊಳ್ಳಿ."

"ಅಯ್ಯೋ, ಬಿಡ್ತು ಅನ್ನು!" ಎಂದು ಅಕ್ಕ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ನೀನು ಮಾತು ಬೆಳಸಬ್ಯಾಡ. ಆ ದಿನಗಳು ಬಂದಾಗ ನನಗೆ ಹೇಳು, ರಜೆ ಬರೀತೀನಿ. ಮನೇಲಿ ಆರಾಮಾಗಿ ಇದ್ದು ಬಾ. ವರ್ಷ ತುಂಬಕ್ಕೆ ಬಂತು, ಕಾಯಂ ಮಾಡೋ ಹೊತ್ತಿನಾಗೆ ಯಾಕ ಬೇಕು ನಿಷ್ಠುರ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಅಕ್ಕನ ಮೇಲೆ ಹಾರಾಡಬೇಕು ಅನ್ನಿಸಿತು. ಆದರೆ ಆ ಹೆಂಗಸಿನ ಕಣ್ಣಲ್ಲಿ ನನಗಿಂತ ಹೆಚ್ಚು ಹೆದರಿಕೆ ಇತ್ತು. ಕಾಯಂ ಎಂಬ ಮಾತೂ ನನ್ನ ನಾಲಿಗೆ ಕಟ್ಟಿತು. ಆ ಸಲ ನಾನು ಹೇಳಿದೆ, ರಜೆ ಹಾಕಿದೆ. ಚಿಕ್ಕಮ್ಮನ ಮನೆಯಲ್ಲಿ ಗೋಡೆ ನೋಡುತ್ತ ಕೂತು, ಮಷೀನು ಇವತ್ತೂ ಕೂರಲಿ, ಇವರ ಮುಖಕ್ಕೆ ಮಂಗಳಾರತಿ ಆಗಲಿ ಎಂದು ಮನಸ್ಸಿನಲ್ಲೇ ಶಾಪ ಹಾಕಿದೆ.

ಮಷೀನು ಕೂರಲಿಲ್ಲ.

ನಾನು ಇಲ್ಲದ ಅಷ್ಟೂ ದಿನ ಅದು ಒಂದು ಅಕ್ಷರವನ್ನೂ ತಪ್ಪಲಿಲ್ಲವಂತೆ. ನಾನು ವಾಪಸು ಹೋದ ದಿನ ಸ್ಟೋರ್ಸಿನ ಹುಡುಗರು ನನ್ನನ್ನು ನೋಡಿ ದಾರಿ ಬಿಟ್ಟರು. ಮ್ಯಾನೇಜರ್ರು ನಗುನಗುತ್ತ, "ರೆಸ್ಟ್ ಆಯ್ತೇನಮ್ಮ?" ಎಂದರು. ಅವರ ಮಟ್ಟಿಗೆ ಲೆಕ್ಕ ತಾಳೆಯಾಗಿತ್ತು. ಮತ್ತೂ ಕೆಲವು ದಿನ ಮಷೀನು ಚೆನ್ನಾಗಿಯೇ ನಡೆಯಿತು. ನಾನೇ ನನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡೆ. ಇಷ್ಟು ಓದಿದ ನಾನೂ ಒಂದು ಗಳಿಗೆ ನಿಜವೇನೋ ಎಂದುಕೊಂಡೆನಲ್ಲ, ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.

ಆಮೇಲೆ ಮತ್ತೆ ಶುರು. ಮಧ್ಯಾಹ್ನವಾದರೆ ಚುಕ್ಕೆ, ಗೆರೆ, ಕಲ್ಲು. ಈ ಸಲ ಮಾತು ಬೇರೆ ದಿಕ್ಕಿಗೆ ಹೊರಳಿತು. ನಾನು ದಿನ ಮುಚ್ಚಿಟ್ಟು ಒಳಗೆ ಹೋಗುತ್ತಿದ್ದೇನೆ ಎಂದು ಒಬ್ಬರು. ಆ ಹುಡುಗಿಯ ಕಾಲ್ಗುಣವೇ ಸರಿಯಿಲ್ಲ ಎಂದು ಇನ್ನೊಬ್ಬರು. ಒಂದು ಶುಕ್ರವಾರ ಮ್ಯಾನೇಜರ್ರು ಕರೆಸಿ, ಮೇಜಿನ ಗಾಜಿನ ಮೇಲೆ ಬೆರಳಾಡಿಸುತ್ತ ಹೇಳಿದರು: "ನೋಡಮ್ಮ, ನಿನ್ನ ಕೆಲಸದಲ್ಲಿ ತಪ್ಪಿದೆ ಅಂತ ಅಲ್ಲ. ಸೋಮವಾರ ಬೆಂಗಳೂರಿಂದ ಒಬ್ಬ ಹುಡುಗ ಬರ್ತಾನೆ. ನೀನು ಟೈಪಿಂಗ್ ಸೆಕ್ಷನ್ನಿಗೆ ಹೋಗು. ಕಾಯಂ ವಿಷಯ ಆಮೇಲೆ ನೋಡೋಣ."

"ಸರ್, ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ..."

"ಎಷ್ಟು ಕೊಂಬೆ ಮುರೀಬೇಕಮ್ಮ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವು ಇತ್ತು. ಕಾರ್ಖಾನೆಯ ಯಜಮಾನರಿಂದ ಅವರಿಗೂ ಬೈಗುಳ ಬೀಳುತ್ತಿತ್ತು. ಅದು ಗೊತ್ತಿದ್ದರೂ ನನಗೆ ಅವರ ಮೇಲೆ ಕನಿಕರ ಬರಲಿಲ್ಲ.

ಮರುದಿನ ಶನಿವಾರ. ನನ್ನ ಕುರ್ಚಿಯಲ್ಲಿ ನನ್ನ ಕೊನೆಯ ದಿನ. ಬೆಳಿಗ್ಗೆ ಹರಿಹರದ ಬಸ್ಸಿನಲ್ಲಿ ಕೂತಾಗಲೇ ಹೊಟ್ಟೆ ಹಿಂಡಿತು. ಇಳಿಯುವ ಹೊತ್ತಿಗೆ ನಾನು ಹೊರಗಾಗಿದ್ದೆ. ಅಕ್ಕನಿಗೆ ಹೇಳಬೇಕಾದ ದಿನ. ಹೇಳಿದರೆ ಅಲ್ಲಿಂದಲೇ ವಾಪಸು. ಹೇಳದೆ ಹೋಗಿ, ಮಷೀನೂ ಕೂತು, ವಿಷಯವೂ ಗೊತ್ತಾದರೆ ಆ ಕಾರ್ಖಾನೆಯಲ್ಲಿ ಟೈಪಿಂಗ್ ಕೆಲಸವೂ ಉಳಿಯುವುದಿಲ್ಲ. ಗೇಟಿನ ಹತ್ತಿರ ಅಕ್ಕ ನನ್ನ ಮುಖ ನೋಡಿ, "ಯಾಕ, ಬಾಡೀಯಲ್ಲ?" ಎಂದರು. "ಬಿಸಿಲು," ಎಂದೆ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಕೂತು ಒಂದೇ ಪ್ರಶ್ನೆ ಹಾಕಿಕೊಂಡೆ. ನಾನು ಇಲ್ಲದ ದಿನಗಳಲ್ಲಿ, ನಾನು ಇಲ್ಲದಿರುವುದು ಬಿಟ್ಟು, ಮತ್ತೇನು ಬೇರೆ ಇತ್ತು? ವೆಲ್ಡಿಂಗ್ ನಡೆದಿತ್ತು. ಏಸಿ ನಡೆದಿತ್ತು. ಲಾರಿಗಳೂ ಬಂದಿದ್ದವು. ಡಿಸ್ಪ್ಯಾಚಿನವರನ್ನು ಕೇಳಿದೆ, ಸ್ಟೋರ್ಸಿನವರನ್ನು ಕೇಳಿದೆ. ಎಲ್ಲರೂ ಭುಜ ಕುಣಿಸಿದರು. ಒಬ್ಬ ಮಾತ್ರ, "ಏನೂ ಇಲ್ಲ ಮೇಡಂ, ಹಿಂದಿನ ಗೋಡೆ ಹತ್ರ ಸಿಮೆಂಟ್ ಹಾಕಕ್ಕೆ ಗೌಂಡಿಗಳು ಬಂದಿದ್ರು, ಅಷ್ಟೇ" ಎಂದ.

ನಾನು ಕಟ್ಟಡದ ಹಿಂದಕ್ಕೆ ಹೋದೆ. ನಲ್ಲಿ ಕಿತ್ತ ಮೇಲೆ ನಾನು ಆ ಕಡೆ ಕಾಲಿಟ್ಟೇ ಇರಲಿಲ್ಲ. ಅಲ್ಲಿ ಯಾರೂ ಉಗಿಯಬಾರದೆಂದು ಮ್ಯಾನೇಜರ್ರು ಗೋಡೆಯುದ್ದಕ್ಕೂ ನೆಲಕ್ಕೆ ಸಿಮೆಂಟು ಹಾಕಿಸಿದ್ದರು. ಸಿಮೆಂಟು ಬಲಿಯಲೆಂದು ಗೌಂಡಿಗಳು ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಿದ್ದ ಗುರುತು ಇನ್ನೂ ಇತ್ತು. ಒಣಗಿದ ಬದು, ಗರಿಗಟ್ಟಿದ ಗೋಣಿಚೀಲ. ಗೋಡೆಗೂ ಸಿಮೆಂಟಿಗೂ ನಡುವಿನ ಸಂದಿಯಲ್ಲಿ ಹುಲ್ಲು ಹುಟ್ಟಿ, ಅದೂ ಒಣಗಿ ಹೋಗಿತ್ತು. ಆ ಸಂದಿಯಿಂದಲೇ ತಾಮ್ರದ ಪಟ್ಟಿಯೊಂದು ಗೋಡೆ ಹತ್ತಿ ನನ್ನ ರೂಮಿನೊಳಗೆ ಹೋಗಿತ್ತು.

ಅದು ಅರ್ಥಿಂಗ್ ಪಟ್ಟಿ. ವೆಲ್ಡಿಂಗಿನಿಂದಲೋ ಮತ್ತೆತ್ತಲಿಂದಲೋ ನುಗ್ಗಿ ಬರುವ ಬೇಡದ ಕರೆಂಟು ಆ ಪಟ್ಟಿ ಹಿಡಿದು ನೆಲಕ್ಕೆ ಇಳಿದುಹೋಗಬೇಕು. ಅದಕ್ಕೆಂದೇ ಗುಂಡಿ ತೋಡಿ, ತಗಡು ಹೂತು, ಇದ್ದಿಲು ಉಪ್ಪು ತುಂಬಿರುತ್ತಾರೆ. ಮಣ್ಣು ಹಸಿ ಇದ್ದರೆ ಅದು ಇಳಿಯುತ್ತದೆ. ಒಣಗಿದರೆ ಇಳಿಯಲು ಜಾಗವಿಲ್ಲದೆ ಮಷೀನಿನೊಳಗೇ ತಿರುಗಿ ಬೀಳುತ್ತದೆ. ನಾನು ಅಲ್ಲೇ ಗೋಡೆ ಹಿಡಿದು ನಿಂತೆ. ಎಲ್ಲ ಎಂಜಲು ಕೈಗಳ ನೀರು, ವಜೂ ಮಾಡಿದ ಕಾಲುಗಳ ನೀರು ದಿನಾ ಆ ಗುಂಡಿಗೆ ಇಳಿಯುತ್ತಿತ್ತು. ಮಷೀನನ್ನು ಬದುಕಿಸಿದ್ದು ಅದು. ನಲ್ಲಿ ಕಿತ್ತರು, ನೆಲ ಒಣಗಿತು. ನಾನು ಮನೆಯಲ್ಲಿದ್ದಾಗ ಗೌಂಡಿಗಳು ನೀರು ನಿಲ್ಲಿಸಿದರು, ಮತ್ತೆ ನೆನೆಯಿತು. ಅವರು ಹೋದರು, ಮತ್ತೆ ಒಣಗಿತು. ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು ಬಂತು.

ಚಾಚಾನನ್ನು ಹುಡುಕಿಕೊಂಡು ಓಡಿದೆ. ಅವರು ಕಂಬದ ಕೆಳಗೆ ಕೂತು ಫ್ಯೂಸ್ ಕಟ್ಟುತ್ತಿದ್ದರು. ಹೇಳಿದ್ದು ಪೂರ್ತಿ ಕೇಳದೆಯೇ ಕೆರಳಿದರು.

"ಎಂಜಿನಿಯರ್ ಮುಂದೆ ಹೇಳಿದ್ದೆ, ನಿನ್ನ ಮುಂದೂ ಹೇಳ್ತೀನಿ. ನನ್ನ ಅರ್ಥಿಂಗ್ ಪಕ್ಕಾ ಐತೆ. ಇಷ್ಟು ವರ್ಷದಾಗೆ ಒಬ್ಬ ಬೆರಳು ತೋರ್ಸಿಲ್ಲ."

"ಬೆರಳು ತೋರ್ಸಕ್ಕೆ ಬಂದಿಲ್ಲ ಚಾಚಾ. ಪಕ್ಕಾ ಐತೆ ಅಂತ ನನಗೆ ತೋರ್ಸ್ರಿ. ನೀವು ಗೆದ್ರೆ ನಾನು ಸೋಮವಾರ ಬಾಯಿ ಮುಚ್ಕೊಂಡು ಟೈಪ್ ಕುಟ್ತೀನಿ."

"ತೋರ್ಸ್ಲಿ ಏನು? ನಡಿ ತೋರ್ಸ್ತೀನಿ," ಎಂದು ಪಂಚೆ ಕೊಡವಿ ಎದ್ದರು.

ಊಟದ ಹೊತ್ತಿಗೆ ನಾನು ಮಷೀನು ಆರಿಸಿದೆ. ಚಾಚಾ ಒಂದು ಹೋಲ್ಡರಿಗೆ ನೂರು ಕ್ಯಾಂಡಲ್ ಬಲ್ಬು ಸಿಕ್ಕಿಸಿ, ಒಂದು ತಂತಿ ಕರೆಂಟಿಗೆ, ಇನ್ನೊಂದು ತಂತಿ ಆ ತಾಮ್ರದ ಪಟ್ಟಿಗೆ ಹಿಡಿದರು. ಅರ್ಥಿಂಗ್ ಚೆನ್ನಾಗಿದ್ದರೆ ಬಲ್ಬು ಮನೆಯಲ್ಲಿ ಉರಿದ ಹಾಗೆ ಉರಿಯಬೇಕು. ಅದು ಉರಿಯಿತೋ ಇಲ್ಲವೋ ಅನ್ನುವಂತೆ ಕೆಂಪಗೆ ಮಿಣುಕಿತು. ಚಾಚಾ ತಂತಿ ತೆಗೆದು, ಪಟ್ಟಿಯನ್ನು ಚಾಕುವಿನಿಂದ ಕೆರೆದು, ಮತ್ತೆ ಹಿಡಿದರು. ಅದೇ ಮಿಣುಕು.

"ಯಾ ಅಲ್ಲಾ," ಎಂದರು ಸಣ್ಣಗೆ. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಗುಂಡಿಗೆ ನೀರು ಹಾಕಲೆಂದು ಇಟ್ಟಿದ್ದ ಪೈಪಿನ ಬಾಯಿ ಹೊಸ ಸಿಮೆಂಟಿನ ಅಡಿ ಮುಚ್ಚಿಹೋಗಿತ್ತು. ಒಡೆಯದೆ ಬೇರೆ ದಾರಿ ಇರಲಿಲ್ಲ. "ಸಾಹೇಬರ ಸಿಮೆಂಟು ಬೇಟಿ, ನೌಕರಿಗೆ ಬರ್ತೈತೆ," ಎಂದರು ಚಾಚಾ. "ನಂದು ಹೆಂಗಿದ್ರೂ ಹೋಗೈತೆ, ಉಳಿ ನನಗೆ ಕೊಡ್ರಿ," ಎಂದೆ. ಅವರು ಕೊಡಲಿಲ್ಲ. ತಾವೇ ಕೂತು ಸುತ್ತಿಗೆ ಎತ್ತಿದರು. ಏಟಿನ ಸದ್ದಿಗೆ ಕೆಲಸಗಾರರು ಒಬ್ಬೊಬ್ಬರಾಗಿ ಬಂದು ಸೇರಿದರು. ಪೈಪಿನ ಬಾಯಿ ಕಾಣಿಸುವ ಹೊತ್ತಿಗೆ ಮ್ಯಾನೇಜರ್ರೂ ಬಂದರು. ಅವರ ಹಿಂದೆ ಟೈಪಿಸ್ಟ್ ಅಕ್ಕ.

"ಯಾರು ಹೇಳಿದ್ದು ಇದನ್ನ ಒಡೆಯೋದಕ್ಕೆ?" ಮ್ಯಾನೇಜರ್ರು ಸಿಮೆಂಟಿನ ಚೂರೊಂದನ್ನು ಕಾಲಿನಿಂದ ತಳ್ಳಿದರು.

"ನಾನು ಸರ್. ಮಷೀನಿನ ತಪ್ಪಲ್ಲ, ಈ ನೆಲದ್ದು."

"ಭೇಷ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಯಾರೋ ಕಿಸಕ್ಕನೆ ನಕ್ಕರು. ಹೊಟ್ಟೆ ನೋವು, ಬಿಸಿಲು, ಆ ನಗು ಎಲ್ಲ ಸೇರಿ ನನಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. "ಡೊಂಕು ಐತೋ ಇಲ್ವೋ ನೀವೇ ನೋಡ್ರಿ ಸರ್. ಆಮೇಲೆ ಟೈಪಿಂಗಿಗೆ ಬೇಕಾದ್ರೆ ಕಳಿಸ್ರಿ, ಮನೆಗೆ ಬೇಕಾದ್ರೆ ಕಳಿಸ್ರಿ," ಎಂದು, ಶೆಡ್ಡಿನಿಂದ ತುಂಬಿಸಿ ತಂದಿಟ್ಟಿದ್ದ ಎರಡು ಕೊಡಪಾನಗಳಲ್ಲಿ ಒಂದನ್ನು ಎತ್ತಿದೆ.

ಚಾಚಾ ಬಲ್ಬು ಹಿಡಿದುಕೊಂಡು ನಿಂತರು. ನಾನು ಪೈಪಿನೊಳಗೆ ನೀರು ಸುರಿದೆ. ನೆಲ ಗಟಗಟ ಕುಡಿಯಿತು. ಬಲ್ಬು ಮಿಣುಕುತ್ತಲೇ ಇತ್ತು. ಇನ್ನೊಂದು ಕೊಡ ಸುರಿದೆ. ಏನೂ ಇಲ್ಲ. ಮ್ಯಾನೇಜರ್ರು ಗಡ್ಡ ಉಜ್ಜಿಕೊಂಡು ತಿರುಗಿ ಹೊರಡಲು ನೋಡಿದರು. ನನ್ನ ಕೈ ಸೋತು ಬಂದಿತ್ತು. ವೆಲ್ಡರ್ ಒಬ್ಬ ನನ್ನ ಕೈಯಿಂದ ಕೊಡ ತೆಗೆದುಕೊಂಡು ಶೆಡ್ಡಿನ ನಲ್ಲಿಗೆ ಓಡಿದ. ಅವನ ಹಿಂದೆ ಇನ್ನಿಬ್ಬರು ಬಕೆಟ್ಟು ಹಿಡಿದು ಓಡಿದರು. ಸುರಿದೇ ಸುರಿದೆವು.

"ಸರ್, ನಿಲ್ರಿ," ಎಂದು ಚಾಚಾ ಕೂಗಿದರು.

ಬಲ್ಬಿನೊಳಗಿನ ತಂತಿ ಕೆಂಪಿನಿಂದ ಹಳದಿಗೆ ತಿರುಗಿತ್ತು. ನಮ್ಮ ಕಣ್ಣೆದುರೇ ಅದು ಬರಬರುತ್ತ ಬೆಳ್ಳಗಾಯಿತು. ಆ ಬಿಸಿಲಿನಲ್ಲೂ ಚಾಚಾನ ಅಂಗೈ ಬೆಳಗುವುದು ಕಾಣಿಸಿತು. ಮ್ಯಾನೇಜರ್ರು ಹತ್ತಿರ ಬಂದು ಬಗ್ಗಿ ನೋಡಿದರು. ಯಾರೂ ನಗಲಿಲ್ಲ.

ಆದರೆ ಬಲ್ಬು ಬೇರೆ, ಮಷೀನು ಬೇರೆ. ನಿಜವಾದ ಪರೀಕ್ಷೆ ಒಳಗೆ ಇತ್ತು. ಮಷೀನು ಹಚ್ಚಿದೆ. ಶೆಡ್ಡಿನಲ್ಲಿದ್ದ ವೆಲ್ಡಿಂಗ್ ಸೆಟ್ಟುಗಳನ್ನೆಲ್ಲ ಒಟ್ಟಿಗೆ ಹಚ್ಚಿ ಎಂದು ನಾನೇ ಹೇಳಿ ಕಳಿಸಿದೆ. ಮ್ಯಾನೇಜರ್ರು ನನ್ನ ಬೆನ್ನ ಹಿಂದಿನ ತಮ್ಮ ಜಾಗಕ್ಕೆ ಬಂದು ನಿಂತರು. ಬಾಗಿಲಲ್ಲಿ ಚಾಚಾ, ವೆಲ್ಡರು, ಅಕ್ಕ, ಸ್ಟೋರ್ಸಿನವರು ತುಂಬಿಕೊಂಡರು. ಏಸಿಯ ತಂಪೆಲ್ಲ ಹೊರಗೆ ಹೋಯಿತು, ಯಾರೂ ಬಾಗಿಲು ಹಾಕಿ ಎನ್ನಲಿಲ್ಲ. ನಾನು ಡಿಸ್ಪ್ಯಾಚಿನ ಪರದೆಯಲ್ಲಿ ಬರುತ್ತಿದ್ದುದನ್ನೇ ನನ್ನ ಪರದೆಯಲ್ಲೂ ತೆರೆದಿಟ್ಟುಕೊಂಡು ಒಂದೊಂದು ಅಕ್ಷರ ನೋಡುತ್ತ ಕೂತೆ. ಗೋಡೆಯಾಚೆ ವೆಲ್ಡಿಂಗ್ ಚಿಟಚಿಟ ಅನ್ನುತ್ತಿತ್ತು. ಒಂದು ಸಲ ಪರದೆ ಅಲುಗಾಡಿತು. ಅಷ್ಟೇ, ಮತ್ತೆ ನೆಟ್ಟಗಾಯಿತು. ಗೇಟ್ ಪಾಸುಗಳು ಒಂದರ ಹಿಂದೆ ಒಂದು ಛಾಪಾಗತೊಡಗಿದವು. ಕಿಟಕಿ ಕೆಳಗೆ ಬೀಡಿ ಸೇದುತ್ತಿದ್ದ ಡ್ರೈವರುಗಳು ಎದ್ದು ಹೋದರು. ನೆರಳು ಅಂಗಳದ ಅರ್ಧಕ್ಕೆ ಬರುವ ತನಕ ಮಷೀನು ಒಮ್ಮೆಯೂ ತಪ್ಪಲಿಲ್ಲ.

ಮ್ಯಾನೇಜರ್ರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. "ಒಳ್ಳೇ ಕೆಲಸ ಮಾಡಿದೆಯಮ್ಮ. ಸೋಮವಾರ ಅವನು ಬರೋದು ಬೇಡ, ಫೋನ್ ಮಾಡ್ತೀನಿ. ನೀನು ಇಲ್ಲೇ ಇರು. ಕಾಯಂ ಆರ್ಡರೂ ಮಾಡಿಸ್ತೀನಿ."

ಬಾಗಿಲಲ್ಲಿ ಚಾಚಾ, "ಶಾಭಾಶ್ ಬೇಟಿ" ಎಂದರು. ಗೆದ್ದೆ, ಇಷ್ಟು ಸಾಕು, ಮನೆಗೆ ಹೋಗಿ ಮಲಗಬೇಕು ಅನ್ನಿಸಿತು. ಮ್ಯಾನೇಜರ್ರು ಹೊರಟವರು ಹೊಸ್ತಿಲಲ್ಲಿ ನಿಂತು, ನನ್ನ ಕಡೆ ನೋಡದೆ, ಪಟದ ಕಡೆ ನೋಡುತ್ತ ಅಂದರು:

"ಆದರೂ ಆ ದಿನಗಳಲ್ಲಿ ರಜೆ ಹಾಕೋದು ಮುಂದುವರಿಸು. ನೀರೂ ಹಾಕ್ಸೋಣ, ಅದೂ ಇರಲಿ. ಸುಮ್ಮನೆ ಯಾಕೆ ರಿಸ್ಕು?"

ನೆಲದೊಳಗಿನ ಕಾಯಿಲೆ ಕಣ್ಣಾರೆ ತೋರಿಸಿದ್ದೆ. ಬಲ್ಬು ತೋರಿಸಿದ್ದೆ, ಮಷೀನು ತೋರಿಸಿದ್ದೆ. ಇಷ್ಟರ ಮೇಲೂ ನನ್ನ ಮೇಲಿನ ಅನುಮಾನ ಒಂದು ಎಳೆಯೂ ಸಡಿಲಾಗಿರಲಿಲ್ಲ. ತಲೆ ಆಡಿಸಿ ಹೂಂ ಎಂದರೆ ಕೆಲಸ ಕಾಯಂ. ತಿಂಗಳು ತಿಂಗಳೂ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿ, ಗೋಡೆ ನೋಡುತ್ತ ಕೂರುವುದೂ ಕಾಯಂ.

"ಇವತ್ತು ನಂದು ಮೊದಲನೇ ದಿನ ಸರ್," ಎಂದೆ.

ಅವರಿಗೆ ತಿಳಿಯಲಿಲ್ಲ. "ಏನು ಮೊದಲನೇ ದಿನ?"

"ಮುಟ್ಟಿನದು. ಬೆಳಿಗ್ಗೆಯಿಂದ ಇಲ್ಲೇ ಅದೀನಿ. ಪಟದ ಕೆಳಗೇ ಕುಂತೀನಿ. ಮಷೀನು ನಾನೇ ಆರ್ಸಿದೆ, ನಾನೇ ಹಚ್ಚಿದೆ. ಹೊರಗೆ ನೀರು ಸುರಿದ ಕೈನೂ ಇದೇ."

ಆ ಮಾತನ್ನು ಆ ಕಾರ್ಖಾನೆಯಲ್ಲಿ ಅದುವರೆಗೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಚಾಚಾ ನೆಲ ನೋಡಿದರು. ವೆಲ್ಡರು ಸರಿದು ಹೋದ. ಮ್ಯಾನೇಜರ್ರ ಮುಖಕ್ಕೆ ರಕ್ತ ನುಗ್ಗಿತು. ಅವರು ನನ್ನನ್ನು ನೋಡಲಿಲ್ಲ, ಮಷೀನನ್ನು ನೋಡಿದರು, ಈಗಲಾದರೂ ಅದು ಕೂತು ತಮ್ಮ ಮಾನ ಉಳಿಸುತ್ತದೇನೋ ಎಂಬಂತೆ. ಎಲ್ಲರೂ ಅದನ್ನೇ ನೋಡಿದರು. ನಾನೂ ನೋಡಿದೆ, ಸುಳ್ಳು ಯಾಕೆ ಹೇಳಲಿ. ಪ್ರಿಂಟರು ಕರಕರ ಎಂದು ಇನ್ನೊಂದು ಪಾಸ್ ಛಾಪಿಸಿತು.

"ಇಂಥದ್ದನ್ನ ಹೆಣ್ಣುಮಕ್ಕಳು ಹೀಗೆ ಎಲ್ಲರ ಮುಂದೆ ಹೇಳಬಾರದಮ್ಮ," ಎಂದರು ಮ್ಯಾನೇಜರ್ರು, ಕೇಳಿಸಿಯೂ ಕೇಳಿಸದ ಹಾಗೆ.

"ಕೇಳಿ ಕಳ್ಸಿದ್ದು ನೀವೇ ಅಲ್ಲೇನ್ರಿ ಸರ್? ಅದಕ್ಕೆ ಹೇಳಿದೆ."

ಅವರು ಹೋದರು. ಉಳಿದವರೂ ಕರಗಿದರು. ಬಾಗಿಲಲ್ಲಿ ಅಕ್ಕ ಒಬ್ಬರೇ ನಿಂತಿದ್ದರು. ಆ ರೂಮು ಆಗಿ ಅಷ್ಟು ದಿನವಾದರೂ ಅವರು ಹೊಸ್ತಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಕಾಗದ ಕೊಡುವುದಿದ್ದರೂ ಹೊರಗೇ ನಿಂತು ಕೈ ಚಾಚುತ್ತಿದ್ದರು. ಈಗ ಒಂದು ಕಾಲು ಒಳಗಿಟ್ಟರು, ಇನ್ನೊಂದು ಕಾಲು ಒಳಗಿಟ್ಟರು, ನನ್ನ ಹತ್ತಿರ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತರು. ನನ್ನ ಕೈ ಹಿಡಿದುಕೊಂಡರು.

"ನನಗೆ ಯಾವತ್ತೂ ಯಾರೂ ಒಳಗೆ ಹೋಗಬ್ಯಾಡ ಅಂದಿರ್ಲಿಲ್ಲ ಕಣೇ," ಎಂದರು. "ತಿಂಗಳಾ ಯಾವ ದಿನ ಬ್ಯಾಡ, ಯಾವ ದಿನ ಸರಿ ಅಂತ ಲೆಕ್ಕ ಇಟ್ಕೊಂಡು ಸಾಕಾಗಿ, ಒಳಗೆ ಬರೋದನ್ನೇ ನಾನಾಗೇ ಪೂರ್ತಿ ಬಿಟ್ಟಿದ್ದೆ."